ದಂಡಿನ ಒಲೆ: ಸೈನ್ಯದ ಸಂಚಾರಿ ಅಡುಗೆಯ ಇತಿಹಾಸ ಮತ್ತು ಜತ್ತ–ವಿಜಾಪುರ ಸೀಮೆ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿಗೆ ಸೇರಿದ ಯಳವಿ ಮತ್ತು ಅದರ ಸುತ್ತಲಿನ ಹಳ್ಳಿಗಳು ಮಳೆನೆರಳಿನ ಸೀಮೆಯವು. ಜೋಳ ಇಲ್ಲಿಯ ಮುಖ್ಯ ಬೆಳೆ, ಗಿಡಮರಗಳು ವಿರಳ, ಒಲೆಗೆ ಕುಳ್ಳು ಮತ್ತು ತೊಗರಿಯ ಕಟ್ಟಿಗೆಗಳೇ ಬಹುಕಾಲ ಆಧಾರವಾಗಿದ್ದವು. ತಾಲೂಕಿನ ಪೂರ್ವಕ್ಕೆ ವಿಜಾಪುರ, ಉತ್ತರಕ್ಕೆ ಮಂಗಳವೇಢೆ, ದಕ್ಷಿಣಕ್ಕೆ ಅಥಣಿ. ಭೀಮೆಗೂ ಕೃಷ್ಣೆಗೂ ನಡುವಿನ ಈ ಬಯಲಿನಲ್ಲಿ ಆದಿಲಶಾಹಿ, ಮೊಘಲ, ಮರಾಠಾ ಮತ್ತು ಇಂಗ್ಲಿಷ್ ದಂಡುಗಳು ಒಂದರ ಹಿಂದೊಂದು ಸಂಚರಿಸಿದವು. ಈ ದಂಡುಗಳ ನಾಯಕರಾರು, ಅವರು ಗೆದ್ದ ಕೋಟೆಗಳಾವುವು ಎಂಬುದನ್ನು ಚರಿತ್ರಕಾರರು ವಿಸ್ತಾರವಾಗಿ ಬರೆದಿದ್ದಾರೆ. ಆ ಸೈನಿಕರು ಏನನ್ನು ಉಂಡರು, ಅದನ್ನು ಯಾವ ಒಲೆಯ ಮೇಲೆ ಬೇಯಿಸಿಕೊಂಡರು, ಆ ಒಲೆಗೆ ಕಟ್ಟಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಗಳಿಗೆ ಅಷ್ಟು ಗಮನ ದೊರೆತಿಲ್ಲ.

ದಂಡು ತನ್ನ ಒಲೆಯನ್ನು ತಾನೇ ಹೊತ್ತೊಯ್ಯದಿದ್ದರೆ ಆ ಒಲೆಯ ಭಾರವು ಅದು ಬೀಡುಬಿಟ್ಟ ಹಳ್ಳಿಯ ಮೇಲೆ ಬೀಳುತ್ತದೆ. ಸೈನ್ಯದ ಸಂಚಾರಿ ಅಡುಗೆಮನೆಯ ಚರಿತ್ರೆಯು ಮೇಲುನೋಟಕ್ಕೆ ಯಂತ್ರೋಪಕರಣಗಳ ಚರಿತ್ರೆಯಂತೆ ಕಂಡರೂ ಅದರ ತಿರುಳು ಈ ಭಾರದ ವರ್ಗಾವಣೆಯೇ ಆಗಿದೆ.

ಒಲೆಯಿಲ್ಲದ ದಂಡು

ಜತ್ತ ಸಂಸ್ಥಾನದ ಮೂಲಪುರುಷನಾದ ಸಟ್ವಾಜಿ ಡಫಳೆಯು ವಿಜಾಪುರದ ಆದಿಲಶಾಹಿಯಿಂದ ದೇಶಮುಖಿಯನ್ನು ಪಡೆದವನು. ಆದಿಲಶಾಹಿ ಅಳಿದ ಮೇಲೆ ಈ ಮನೆತನ ಮೊಘಲರ ಸೇವೆಗೆ ಸೇರಿತು. ಈ ಎರಡು ಸೇವೆಗಳ ನಡುವಿನ ಘಟನೆಯೇ 1685–86ರ ವಿಜಾಪುರದ ಮುತ್ತಿಗೆ. 1685ರ ಬೇಸಗೆಯಲ್ಲಿ ಆರಂಭವಾದ ಮುತ್ತಿಗೆಯಲ್ಲಿ ಕೋಟೆಯ ಒಳಗಿನವರಿಗಿಂತ ಮೊದಲು ಹಸಿವಿಗೆ ಸಿಕ್ಕಿದವರು ಹೊರಗೆ ಕುಳಿತ ಮೊಘಲ್ ಸೈನಿಕರು. ರಾಜಕುಮಾರ ಆಜಂನ ಪಾಳೆಯದಲ್ಲಿ ಧಾನ್ಯ ಮುಗಿದು, ಹಿಂದೆ ಸರಿಯಬೇಕೆಂಬ ಮಾತು ಬಂತು. ಆಗ ಔರಂಗಜೇಬನು ಫಿರೋಜ್ ಜಂಗನ ಬೆಂಗಾವಲಿನಲ್ಲಿ ಎತ್ತುಗಳ ಮೇಲೆ ಧಾನ್ಯವನ್ನು ಕಳುಹಿಸಿದನು. ಇಂಡಿಯ ಬಳಿ ವಿಜಾಪುರದವರು ಈ ಸಾಗಣೆಯನ್ನು ತಡೆಯಲು ಕಾದಾಡಿದರು, ತಡೆಯಲಾಗಲಿಲ್ಲ. ಧಾನ್ಯ ತಲುಪಿತು, ಮುತ್ತಿಗೆ ಉಳಿಯಿತು, 1686ರ ಸೆಪ್ಟೆಂಬರ್ 12ರಂದು ವಿಜಾಪುರ ಬಿದ್ದಿತು. ಮುತ್ತಿಗೆಯ ಗತಿಯನ್ನು ಬದಲಿಸುವಲ್ಲಿ ತೋಪುಗಳಷ್ಟೇ ಪಾಲು ಎತ್ತಿನ ಬೆನ್ನಿನ ಹೇರಿಗೂ ಇತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕಳುಹಿಸಿದ್ದು ಧಾನ್ಯವನ್ನೇ ಹೊರತು ಅಡುಗೆಯನ್ನಲ್ಲ. ಆ ಕಾಲದ ದಂಡಿನಲ್ಲಿ ಸಾಮಾನ್ಯ ಸೈನಿಕರಿಗೆ ಸರಕಾರದ ಅಡುಗೆಮನೆ ಇರಲಿಲ್ಲ. ಸೈನಿಕನಿಗೆ ಸಂಬಳ ಸಿಗುತ್ತಿತ್ತು. ದಂಡಿನ ಜೊತೆಗೇ ನಡೆಯುತ್ತಿದ್ದ ಬಜಾರಿನಲ್ಲಿ ಅವನು ಹಿಟ್ಟು, ಬೇಳೆ, ಉಪ್ಪುಗಳನ್ನು ಕೊಂಡುಕೊಂಡು ತಾನೇ ಬೇಯಿಸಿಕೊಳ್ಳಬೇಕಿತ್ತು. ಬಜಾರಿಗೆ ದೂರದಿಂದ ಧಾನ್ಯ ತರುತ್ತಿದ್ದವರು ಬಹುಮಟ್ಟಿಗೆ ಬಂಜಾರರು, ಅಂದರೆ ಕನ್ನಡ ಸೀಮೆಯ ಲಂಬಾಣಿಗರು. ಸಾವಿರಾರು ಎತ್ತುಗಳ ಹೇರಿನೊಡನೆ ಕುಟುಂಬಸಮೇತ ನಡೆಯುತ್ತಿದ್ದ ಅವರನ್ನು ಕಾದಾಡುವ ಎರಡೂ ಪಕ್ಷಗಳು ಸಾಮಾನ್ಯವಾಗಿ ಉಳಿಸಿಕೊಳ್ಳಬಯಸುತ್ತಿದ್ದವು, ಏಕೆಂದರೆ ಎರಡೂ ಪಕ್ಷಗಳಿಗೆ ಅವರು ಬೇಕಾಗಿದ್ದರು.

ಕೃಷ್ಣೆಯ ದಂಡೆಯ ಗಲಗಲಿಯಲ್ಲಿ ಬೀಡುಬಿಟ್ಟಿದ್ದ ಔರಂಗಜೇಬನ ಪಾಳೆಯವನ್ನು 1695ರಲ್ಲಿ ಇಟಲಿಯ ಪ್ರವಾಸಿ ಗೆಮೆಲ್ಲಿ ಕರೇರಿ ಕಂಡನು. ಸುಮಾರು 30 ಮೈಲಿ ಸುತ್ತಳತೆಯ, ಹಲವಾರು ಬಜಾರುಗಳುಳ್ಳ ಆ ಪಾಳೆಯ ಅವನಿಗೆ ಒಂದು ಚಲಿಸುವ ನಗರದಂತೆ ಕಂಡಿತು. ಅದೇ ವರ್ಷ ಈ ನಗರ ಭೀಮೆಯ ದಂಡೆಗೆ, ಮಂಗಳವೇಢೆಯ ಸಮೀಪದ ಬ್ರಹ್ಮಪುರಿಗೆ ಸ್ಥಳಾಂತರಗೊಂಡು 1699ರವರೆಗೆ ಅಲ್ಲಿಯೇ ನೆಲೆಸಿತು. ಜತ್ತ ಸೀಮೆಯ ಉತ್ತರದ ಅಂಚಿಗೆ ಇಷ್ಟು ಹತ್ತಿರದಲ್ಲಿ ಇಂಥ ಪಾಳೆಯವೊಂದು ನಾಲ್ಕು ವರ್ಷ ಇದ್ದುದರ ಅರ್ಥವನ್ನು ಒಂದು ಸರಳ ಲೆಕ್ಕದಿಂದ ಊಹಿಸಬಹುದು. ಹತ್ತು ಜನರಿಗೆ ಒಂದು ಒಲೆ ಎಂದಿಟ್ಟುಕೊಂಡರೂ 50,000 ಜನರ ದಂಡಿಗೆ ದಿನವೂ 5,000 ಒಲೆಗಳು ಉರಿಯಬೇಕು. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಬೆಂಕಿಯ ಕಾವಿನ ಬಹುಭಾಗ ಗಾಳಿಗೆ ಹೋಗುತ್ತದೆ. ಮೊದಲೇ ಗಿಡಮರ ಕಡಿಮೆಯಿರುವ ಸೀಮೆಯಲ್ಲಿ ಈ ಒಲೆಗಳಿಗೆ ಕಟ್ಟಿಗೆ, ಎತ್ತು-ಕುದುರೆಗಳಿಗೆ ಕಣಿಕೆ ಒದಗಬೇಕಾದದ್ದು ಸುತ್ತಲಿನ ಹಳ್ಳಿಗಳಿಂದಲೇ.

ಸೈನಿಕನ ಅಡುಗೆಯ ಸಾಮಗ್ರಿ ಹಗುರವಾಗಿತ್ತು: ಒಂದು ಹಂಚು, ಒಂದು ಪಾತ್ರೆ, ಒಂದು ತಂಬಿಗೆ. ಅರಸನ ಬೊಕ್ಕಸಕ್ಕೆ ಇದರಿಂದ ಖರ್ಚಿರಲಿಲ್ಲ. ಆದರೆ ಆ ಹಗುರತೆಯ ಬೆಲೆಯನ್ನು ತೆತ್ತವರು ಬೇರೆಯವರು.

1791: ಬಜಾರು ಮತ್ತು ಬರ

ಈ ವ್ಯವಸ್ಥೆಯ ಬಲ ಮತ್ತು ಕೇಡುಗಳೆರಡೂ ಒಟ್ಟಿಗೆ ಬೆಳಕಿಗೆ ಬಂದದ್ದು ಮೂರನೆಯ ಮೈಸೂರು ಯುದ್ಧದಲ್ಲಿ. 1791ರ ಮೇ ತಿಂಗಳಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದ ಸಮೀಪದ ಅರಕೆರೆಯಲ್ಲಿ ಟಿಪ್ಪುವಿನ ಪಡೆಯನ್ನು ಹಿಮ್ಮೆಟ್ಟಿಸಿತು. ಆದರೂ ಮುಂದುವರಿಯಲು ಅದಕ್ಕೆ ಸಾಧ್ಯವಾಗಲಿಲ್ಲ. ಎತ್ತುಗಳು ಸತ್ತಿದ್ದವು, ಧಾನ್ಯ ಮುಗಿದಿತ್ತು. ಕಾರ್ನ್‌ವಾಲಿಸ್ ತನ್ನ ಭಾರದ ತೋಪುಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಮೇಲುಕೋಟೆಯ ಪ್ರದೇಶದಲ್ಲಿ ಅವನಿಗೆ ಎದುರಾದದ್ದು ಹರಿಪಂತ ಫಡಕೆ ಮತ್ತು ಪರಶುರಾಮಭಾವೂ ಪಟವರ್ಧನರ ಮರಾಠಾ ದಂಡು. ಪರಶುರಾಮಭಾವೂ ಇಂದಿನ ಸಾಂಗಲಿ ಜಿಲ್ಲೆಯ ತಾಸಗಾಂವದವನು. ಕೆಲವೇ ವಾರಗಳ ಹಿಂದೆ ಧಾರವಾಡದ ಕೋಟೆಯನ್ನು ವಶಪಡಿಸಿಕೊಂಡು ದಕ್ಷಿಣಕ್ಕೆ ಇಳಿದಿದ್ದನು. ಮರಾಠಾ ದಂಡಿನ ಬಜಾರಿನಲ್ಲಿ ಸಕಲ ಸಾಮಗ್ರಿಯೂ ಇತ್ತು. ಹಸಿದ ಇಂಗ್ಲಿಷ್ ಸೈನ್ಯ ಏರಿದ ಬೆಲೆ ಕೊಟ್ಟು ಅಲ್ಲಿ ಧಾನ್ಯ ಕೊಂಡಿತು.

ಇಂಗ್ಲಿಷ್ ಬರಹಗಾರರು ಈ ಬಜಾರಿನ ಸಮೃದ್ಧಿಯನ್ನು ಬೆರಗಿನಿಂದ ವರ್ಣಿಸಿದ್ದಾರೆ. ಅದರ ಮತ್ತೊಂದು ಮುಖ ಮುಂಬಯಿ ಪ್ರಾಂತದ ಗೆಜೆಟಿಯರುಗಳಲ್ಲಿದೆ. ಪರಶುರಾಮಭಾವೂವಿನ ದಂಡು ಹಾದುಹೋದ ಸೀಮೆ ಎಷ್ಟು ಬರಿದಾಯಿತೆಂದರೆ, ಮೈಸೂರಿನಿಂದ ಗೆದ್ದು ಮರಳುವಾಗ ಅದೇ ದಂಡು ಅದೇ ದಾರಿಯಲ್ಲಿ ಅನ್ನವಿಲ್ಲದೆ ಕಂಗೆಟ್ಟಿತು. ಮಳೆಯೂ ಕೈಕೊಟ್ಟ ಆ 1791–92ರ ಅವಧಿಯನ್ನು ವಿಜಾಪುರ ಸೀಮೆಯ ಜನ ‘ಡೋಗಿ ಬರ’ವೆಂದು ನೆನಪಿಟ್ಟುಕೊಂಡರು, ಸತ್ತವರ ತಲೆಬುರುಡೆಗಳು ಬಯಲಿನಲ್ಲಿ ಬಿದ್ದಿದ್ದುದರಿಂದ ಬಂದ ಹೆಸರು ಅದು. ಬರಕ್ಕೆ ದಂಡೊಂದೇ ಕಾರಣವಲ್ಲ. ಆದರೆ ಹಗೆಯಲ್ಲಿ ಕೂಡಿಟ್ಟ ಕಾಳು ದಂಡಿನ ಪಾಲಾದ ಮೇಲೆ ಮಳೆ ತಪ್ಪಿದರೆ ಹಳ್ಳಿಗೆ ಮತ್ತೊಂದು ಆಸರೆ ಉಳಿಯುತ್ತಿರಲಿಲ್ಲ.

ಸಾಗಣೆಯ ಮಟ್ಟಿಗೆ ಮೈಸೂರಿನವರು ಈ ಸಮಸ್ಯೆಯನ್ನು ಬೇರೆಯವರಿಗಿಂತ ಚೆನ್ನಾಗಿ ಅರಿತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳ ಹಿಂಡನ್ನು ಹೈದರ್ ಮತ್ತು ಟಿಪ್ಪು ಸೈನ್ಯದ ಸಾಗಣೆಗಾಗಿ ಬೆಳೆಸಿದರು, ‘ಅಮೃತ ಮಹಲ್’ ಎಂಬ ಹೆಸರು ಟಿಪ್ಪುವಿನ ಕಾಲದ್ದು. ಶ್ರೀರಂಗಪಟ್ಟಣದ ಪತನದ ನಂತರ ಈ ಎತ್ತುಗಳನ್ನು ಬಳಸಿಕೊಂಡ ಆರ್ಥರ್ ವೆಲ್ಲೆಸ್ಲಿ 1803ರ ದಂಡಯಾತ್ರೆಯಲ್ಲಿ ಅವುಗಳ ನಡಿಗೆಯನ್ನು ಬಹುವಾಗಿ ಮೆಚ್ಚಿದನು. ಸಾಗಣೆ ಸುಧಾರಿಸಿತಾದರೂ ಒಲೆ ಮಾತ್ರ ಮೂರು ಕಲ್ಲಿನದಾಗಿಯೇ ಉಳಿಯಿತು.

ಒಲೆಗೆ ಗಾಲಿ

ಒಲೆಯನ್ನೇ ಬದಲಿಸುವ ಯೋಚನೆ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಬಲಗೊಂಡಿತು. ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ಬಾಣಸಿಗನಾಗಿದ್ದ ಅಲೆಕ್ಸಿ ಸೋಯರ್ 1847ರ ಐರ್ಲೆಂಡಿನ ಕ್ಷಾಮದಲ್ಲಿ ಡಬ್ಲಿನ್ನಿನಲ್ಲಿ ಗಂಜಿಕೇಂದ್ರವನ್ನು ನಡೆಸಿದ್ದನು. ಕಡಿಮೆ ಉರುವಲಿನಲ್ಲಿ ಸಾವಿರಾರು ಜನಕ್ಕೆ ಬೇಯಿಸುವ ಆ ಅನುಭವವನ್ನು ಅವನು 1855ರಲ್ಲಿ ಕ್ರಿಮಿಯಾ ಯುದ್ಧಭೂಮಿಗೆ ಒಯ್ದನು. ಅವನ ಒಲೆ ತಗಡಿನ ಒಂದು ಡ್ರಮ್ಮು: ಕೆಳಗೆ ಮುಚ್ಚಿದ ಬೆಂಕಿಗೂಡು, ಮೇಲೆ ಸುಮಾರು 12 ಗ್ಯಾಲನ್ ಹಿಡಿಯುವ ಹಂಡೆ, ಹೊಗೆಗೊಂದು ಕೊಳವೆ. ಒಂದು ಒಲೆಯಿಂದ ಸುಮಾರು 50 ಜನಕ್ಕೆ ಅಡುಗೆಯಾಗುತ್ತಿತ್ತು. ಮಳೆಗಾಳಿಯಲ್ಲೂ ಅದು ಉರಿಯುತ್ತಿತ್ತು. ಬೆಂಕಿಯ ಬೆಳಕು ಶತ್ರುವಿಗೆ ಕಾಣುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ತೆರೆದ ಒಲೆಗಳಿಗೆ ಬೇಕಾಗುತ್ತಿದ್ದ ಕಟ್ಟಿಗೆಯ ಅಲ್ಪ ಭಾಗ ಇದಕ್ಕೆ ಸಾಕಾಗುತ್ತಿತ್ತು. ಈ ವಿನ್ಯಾಸದ ಒಲೆಗಳು ಬ್ರಿಟಿಷ್ ಸೈನ್ಯದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಬಳಕೆಯಲ್ಲಿದ್ದವು.

ಸೋಯರನ ಒಲೆಯನ್ನು ಹೊತ್ತೊಯ್ಯಬಹುದಿತ್ತು, ಆದರೆ ನಡೆಯುತ್ತ ಬೇಯಿಸುವಂತಿರಲಿಲ್ಲ. ಆ ಕೊರತೆಯನ್ನು ಗಾಲಿಯ ಅಡುಗೆಮನೆ ನೀಗಿಸಿತು. 1904–05ರ ಜಪಾನ್ ಯುದ್ಧದಲ್ಲಿ ರಷ್ಯನ್ನರು ಕುದುರೆ ಎಳೆಯುವ ಅಡುಗೆ ಬಂಡಿಗಳನ್ನು ಬಳಸಿದರು. ಅದನ್ನು ಕಂಡ ಇತರ ದೇಶಗಳೂ ಆ ದಾರಿ ಹಿಡಿದವು. ಜರ್ಮನ್ ಸೈನಿಕರು ತಮ್ಮ ಬಂಡಿಯನ್ನು ಅದರ ಹೊಗೆಕೊಳವೆಯ ಆಕಾರದಿಂದಾಗಿ ‘ಗುಲಾಷ್ ಫಿರಂಗಿ’ ಎಂದು ಕರೆದರು. ಈ ಬಂಡಿಯ ಹಂಡೆಗೆ ಎರಡು ಗೋಡೆಗಳಿದ್ದು ನಡುವೆ ಗ್ಲಿಸರಿನ್ ತುಂಬಿರುತ್ತಿತ್ತು. ಬೆಂಕಿ ನೇರವಾಗಿ ತಾಗದೆ ಗ್ಲಿಸರಿನ್ನಿನ ಮೂಲಕ ಕಾವು ಹರಡುತ್ತಿದ್ದುದರಿಂದ ಯಾರೂ ಕೈಯಾಡಿಸದಿದ್ದರೂ ತಳ ಹಿಡಿಯುತ್ತಿರಲಿಲ್ಲ. ಮುಂಜಾವಿನಲ್ಲಿ ಕಾಳು, ಮಾಂಸ, ನೀರು ಹಾಕಿ ಬೆಂಕಿ ಹೊತ್ತಿಸಿದರೆ ದಂಡು ಮುಂದಿನ ಬೀಡು ತಲುಪುವ ಹೊತ್ತಿಗೆ ಊಟ ಸಿದ್ಧ. ಕಟ್ಟಿಗೆ ಆರಿಸುವ, ಒಲೆ ಹೂಡುವ, ಕಾಯುವ ಗಂಟೆಗಳು ಸೈನಿಕನ ವಿಶ್ರಾಂತಿಗೆ ಉಳಿದವು.

ಒಂದು ಒಲೆ, ಹಲವು ಪಂಕ್ತಿ

ಭಾರತೀಯ ಸೈನ್ಯಕ್ಕೆ ಈ ಬಂಡಿ ಸುಲಭವಾಗಿ ಒಗ್ಗಲಿಲ್ಲ. ಒಂದು ಹಂಡೆ ಎಂದರೆ ಒಂದು ಪಂಕ್ತಿ. ಜಾತಿ-ಮತಗಳ ಊಟದ ಕಟ್ಟುಪಾಡುಗಳು ಬಲವಾಗಿದ್ದ ಪಡೆಗಳಲ್ಲಿ ಒಬ್ಬ ಅಡುಗೆಯವನು ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಬೇಯಿಸುವುದು ಅಸಾಧ್ಯವಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗಾಗಿ ಇಂಗ್ಲೆಂಡಿನ ಬ್ರೈಟನ್ ಅರಮನೆಯಲ್ಲಿ ಆಸ್ಪತ್ರೆ ತೆರೆದಾಗ ಒಂಬತ್ತು ಪ್ರತ್ಯೇಕ ಅಡುಗೆಮನೆಗಳನ್ನು ಕಟ್ಟಬೇಕಾಯಿತು. ಹಿಂದೂ ಮತ್ತು ಮುಸಲ್ಮಾನರಿಗೆ ನೀರಿನ ನಲ್ಲಿಗಳನ್ನೂ ಬೇರೆಬೇರೆಯಾಗಿ ಇರಿಸಲಾಯಿತು. ಆಸ್ಪತ್ರೆಯಲ್ಲಿ ಸಾಧ್ಯವಾದ ಈ ಏರ್ಪಾಡು ಯುದ್ಧಭೂಮಿಯಲ್ಲಿ ಸಾಧ್ಯವಿರಲಿಲ್ಲ.

ಇದರ ಕಠೋರ ಪರೀಕ್ಷೆ ನಡೆದದ್ದು ಮೆಸಪೊಟೇಮಿಯಾದ ಕುತ್ ಎಂಬ ಊರಿನಲ್ಲಿ. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ತುರ್ಕರ ಮುತ್ತಿಗೆಗೆ ಸಿಕ್ಕಿದ್ದ ಪಡೆ ಪುಣೆಯ ಆರನೆಯ ಡಿವಿಜನ್ನು. ಅದರಲ್ಲಿ 103, 110 ಮತ್ತು 117ನೆಯ ಮರಾಠಾ ಪಲಟಣಗಳಿದ್ದವು. ಇವುಗಳ ಉತ್ತರಾಧಿಕಾರಿಯಾದ ಮರಾಠಾ ಲಘು ಪದಾತಿದಳದ ಕೇಂದ್ರ ಮುಂದೆ ಬೆಳಗಾವಿಯಲ್ಲಿ ನೆಲೆಯೂರಿತು. ಗಡಿಸೀಮೆಯ ಹಲವು ಮನೆಗಳಿಗೆ ಸೈನ್ಯವೆಂದರೆ ಇಂದಿಗೂ ಬೆಳಗಾವಿಯೇ. ಕುತ್‌ನಲ್ಲಿ ಧಾನ್ಯ ಕರಗಿದಂತೆ ಕುದುರೆಗಳನ್ನು ಕಡಿದು ಹಂಚಲಾಯಿತು. ಭಾರತೀಯ ಸೈನಿಕರಲ್ಲಿ ಬಹುಮಂದಿ ಕುದುರೆಯ ಮಾಂಸವನ್ನು ಮುಟ್ಟಲಿಲ್ಲ. ಭಾರತದಿಂದ ಧರ್ಮಗುರುಗಳ ಅನುಮತಿಯನ್ನು ತಂತಿಯಿಲ್ಲದ ಸಂದೇಶದ ಮೂಲಕ ತರಿಸಿದರೂ ಊರಿಗೆ ಮರಳಿದ ಮೇಲೆ ಪಂಕ್ತಿ ತಪ್ಪೀತೆಂಬ ಅಂಜಿಕೆ ಹೋಗಲಿಲ್ಲ. ತರಕಾರಿಯೂ ಇಲ್ಲದೆ ಅವರಲ್ಲಿ ಸ್ಕರ್ವಿ ಹರಡಿತು. ಅದೇ ಊರಿನಲ್ಲಿ, ಅದೇ ಮುತ್ತಿಗೆಯಲ್ಲಿ, ಮೈದಾ ಬ್ರೆಡ್ಡು ಮತ್ತು ಕುದುರೆಮಾಂಸ ತಿನ್ನುತ್ತಿದ್ದ ಬ್ರಿಟಿಷ್ ಸೈನಿಕರಿಗೆ ಸ್ಕರ್ವಿ ಕಡಿಮೆಯಾಗಿ ಬೆರಿಬೆರಿ ಬಂತು. ಇಡಿಹಿಟ್ಟು ತಿನ್ನುತ್ತಿದ್ದ ಭಾರತೀಯರು ಬೆರಿಬೆರಿಯಿಂದ ಪಾರಾದರು. ಬ್ರಿಟಿಷರ ರೊಟ್ಟಿಗೂ ಇಡಿಹಿಟ್ಟನ್ನು ಬೆರೆಸತೊಡಗಿದ ಮೇಲೆ ಅವರ ರೋಗ ಇಳಿಯಿತು. ತೌಡು ತೆಗೆಯದ ಹಿಟ್ಟಿನ ಬೆಲೆಯನ್ನು ಪೌಷ್ಟಿಕ ವಿಜ್ಞಾನಕ್ಕೆ ಕಲಿಸಿಕೊಟ್ಟ ಘಟನೆಗಳಲ್ಲಿ ಇದೂ ಒಂದು. ವಿಮಾನಗಳಿಂದ ಹಿಟ್ಟಿನ ಚೀಲಗಳನ್ನು ಎಸೆಯುವ ಪ್ರಯತ್ನವೂ ನಡೆಯಿತು, ಅದು ಸಾಲಲಿಲ್ಲ. ಸುಮಾರು 13,000 ಜನ ಶರಣಾದರು. ಸೆರೆಯಲ್ಲಿ ಅವರಲ್ಲಿ ಸಾವಿರಾರು ಮಂದಿ ಸತ್ತರು.

1917ರಲ್ಲಿ ಭಾರತೀಯ ಸಿಪಾಯಿಗೆ ಶಾಂತಿಕಾಲದಲ್ಲಿಯೂ ಉಚಿತ ಪಡಿ ದೊರೆಯತೊಡಗಿತು. ಅದುವರೆಗೆ ಅವನು ತನ್ನ ಸಂಬಳದಿಂದ ಪಲಟಣದ ಬನಿಯಾನ ಬಳಿ ಕಾಳು ಕೊಳ್ಳಬೇಕಿತ್ತು. ಪಡಿ ಸರಕಾರದ್ದಾದಾಗ ಅಡುಗೆಯೂ ಕ್ರಮೇಣ ಪಲಟಣದ್ದಾಯಿತು. ‘ಲಂಗರ್’ ಎಂಬ ಸಾಮೂಹಿಕ ಅಡುಗೆಮನೆ ಸೈನಿಕ ಜೀವನದ ಅಂಗವಾಯಿತು. ಗಾಲಿಯ ಒಲೆಗಿಂತ ಮೊದಲು ಬದಲಾಗಬೇಕಾಗಿದ್ದದ್ದು ಪಂಕ್ತಿ. ಆ ಬದಲಾವಣೆ ಯಾವ ಪೇಟೆಂಟಿನಲ್ಲೂ ದಾಖಲಾಗುವಂಥದಲ್ಲ.

ಮೈಸೂರಿನ ಪ್ರಯೋಗಾಲಯ

ಸ್ವತಂತ್ರ ಭಾರತದ ಸೈನ್ಯಕ್ಕೆ ಎದುರಾದ ಹೊಸ ತೊಡಕು ಎತ್ತರದ್ದು. ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಏರಿದಂತೆಲ್ಲ ನೀರು ಕುದಿಯುವ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. 4,500 ಮೀಟರ್ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಯಲ್ಲೇ ಕುದಿದುಬಿಡುವುದರಿಂದ ಎಷ್ಟು ಹೊತ್ತು ಉರಿ ಹಾಕಿದರೂ ಬೇಳೆ ಮೆತ್ತಗಾಗುವುದಿಲ್ಲ. ಪ್ರೆಶರ್ ಕುಕ್ಕರ್ ಇದಕ್ಕೊಂದು ಪರಿಹಾರ. ಆದರೆ ಕುಕ್ಕರನ್ನೂ ಸೀಮೆಎಣ್ಣೆಯನ್ನೂ ಬೆಟ್ಟಕ್ಕೆ ಹೊರುವವರು ಬೇಕು. 1962ರ ಅಕ್ಟೋಬರಿನಲ್ಲಿ ಈಶಾನ್ಯ ಗಡಿಯ ನಾಮ್ಕಾ ಚು ಕಣಿವೆಯಲ್ಲಿ ನಿಂತಿದ್ದ ಪಡೆಗಳಿಗೆ ವಿಮಾನದಿಂದ ಹಾಕಿದ ಸಾಮಗ್ರಿಯಲ್ಲಿ ಬಹುಪಾಲು ಕಮರಿಗಳಿಗೆ ಬಿದ್ದು ಹಾಳಾಯಿತು.

ಇದಕ್ಕೆ ಹತ್ತು ತಿಂಗಳು ಮೊದಲು, 1961ರ ಡಿಸೆಂಬರಿನಲ್ಲಿ, ಮೈಸೂರಿನಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸ್ಥಾಪನೆಯಾಗಿತ್ತು. ಮೈಸೂರಿನಲ್ಲಿ ಆಗಲೇ ಅಂಥ ಸಂಶೋಧನೆಯ ವಾತಾವರಣವಿತ್ತು: ಚೆಲುವಾಂಬ ವಿಲಾಸದಲ್ಲಿ 1950ರಿಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಕೆಲಸಮಾಡುತ್ತಿತ್ತು. ಹೊಸ ಪ್ರಯೋಗಾಲಯ ಹಿಡಿದ ದಾರಿ ಸೋಯರನ ದಾರಿಗಿಂತ ಭಿನ್ನವಾಗಿತ್ತು. ಯುದ್ಧಭೂಮಿಗೆ ಒಳ್ಳೆಯ ಒಲೆಯನ್ನು ಕಳುಹಿಸುವುದಕ್ಕಿಂತ, ಅಲ್ಲಿ ಒಲೆಯೇ ಬೇಡವಾಗುವಂತೆ ಅಥವಾ ಆದಷ್ಟು ಕಡಿಮೆ ಬೇಕಾಗುವಂತೆ ಅನ್ನವನ್ನು ಸಿದ್ಧಪಡಿಸುವುದು ಅದರ ಗುರಿಯಾಯಿತು. ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟು ಮತ್ತು ಹಲ್ವದ ಮಿಶ್ರಣಗಳು, ತಿಂಗಳುಗಟ್ಟಲೆ ಕೆಡದ ಚಪಾತಿ, ಚೀಲದಲ್ಲಿ ಮುಚ್ಚಿದ ಪಲಾವು ಹಾಗೂ ಪಲ್ಯಗಳು ಅಲ್ಲಿ ರೂಪುಗೊಂಡವು.

ಈ ಚೀಲದ ತತ್ವ ಹೀಗಿದೆ: ಪಾಲಿಯೆಸ್ಟರ್, ಅಲ್ಯುಮಿನಿಯಂ ಹಾಳೆ ಮತ್ತು ಪಾಲಿಪ್ರೊಪಿಲೀನ್‌ಗಳನ್ನು ಪದರಪದರವಾಗಿ ಅಂಟಿಸಿದ ಚೀಲದಲ್ಲಿ ಅಡುಗೆಯನ್ನು ತುಂಬಿ, ಬಾಯಿ ಬೆಸೆದು, ಒತ್ತಡದಲ್ಲಿ ಸುಮಾರು 121 ಡಿಗ್ರಿಯವರೆಗೆ ಕಾಯಿಸುತ್ತಾರೆ. ಒಳಗಿನ ಸೂಕ್ಷ್ಮಜೀವಿಗಳು ನಾಶವಾಗಿ, ಹೊರಗಿನವು ಒಳಹೋಗದೆ, ಶೀತಲಪೆಟ್ಟಿಗೆಯಿಲ್ಲದೆಯೂ ಆಹಾರ ತಿಂಗಳುಗಟ್ಟಲೆ ಉಳಿಯುತ್ತದೆ. ಡಬ್ಬಿಗಿಂತ ಚೀಲ ಹಗುರ. ಚಪ್ಪಟೆಯಾಗಿರುವುದರಿಂದ ಬೇಗ ಬಿಸಿಯಾಗುತ್ತದೆ, ಬೆನ್ನುಚೀಲದಲ್ಲಿ ಸುಲಭವಾಗಿ ಕೂರುತ್ತದೆ. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಮೈಸೂರಿನ ಈ ಪ್ರಯೋಗಾಲಯದ ತಿನಿಸುಗಳೂ ಜೊತೆಗೆ ಹೋದವು. ಹತ್ತು ದಿನಗಳ ನಂತರ, ಏಪ್ರಿಲ್ 13ರಂದು, ಭಾರತೀಯ ಪಡೆಗಳು ಸಿಯಾಚಿನ್ ಹಿಮನದಿಯ ಕಣಿವೆಬಾಯಿಗಳನ್ನು ಏರಿದವು. ಕಟ್ಟಿಗೆ ಸಿಗದ, ಹಳ್ಳಿಯೂ ಇಲ್ಲದ ಆ ಎತ್ತರದಲ್ಲಿ ಒಲೆಯ ಭಾರವನ್ನು ಹೊರಿಸಲು ಬೇರೆ ಯಾರೂ ಇರಲಿಲ್ಲ. ಅಡುಗೆಯ ಹೆಚ್ಚಿನ ಪಾಲು ಸಾವಿರಾರು ಮೈಲಿ ಹಿಂದೆಯೇ ಮುಗಿದಿರಬೇಕಿತ್ತು.

ಬುತ್ತಿಯ ತತ್ವ

ಹೀಗೆ ನೋಡಿದರೆ ಮೂರು ಘಟ್ಟಗಳು ಕಾಣುತ್ತವೆ. ಮೊದಲನೆಯದರಲ್ಲಿ ಧಾನ್ಯ ದಂಡಿನೊಡನೆ ನಡೆಯಿತು, ಒಲೆಯ ಭಾರ ಹಳ್ಳಿಯದಾಯಿತು. ಎರಡನೆಯದರಲ್ಲಿ ಒಲೆಯೇ ದಂಡಿನೊಡನೆ ನಡೆಯಿತು. ಮೂರನೆಯದರಲ್ಲಿ ಅಡುಗೆಯನ್ನು ಮೊದಲೇ ಮಾಡಿ, ಕೆಡದಂತೆ ಕಟ್ಟಿ ಕಳುಹಿಸಲಾಯಿತು. ಈ ಮೂರನೆಯದು ವಿಜ್ಞಾನದ ಹೊಸ ಸಾಧನೆಯೆಂಬುದು ನಿಜ. ಆದರೆ ಅದರ ಹಿಂದಿನ ತಿಳಿವಳಿಕೆ ಈ ಸೀಮೆಯ ಅಡುಗೆಮನೆಗೆ ಹೊಸದಲ್ಲ.

ಛಟ್ಟಿ ಅಮಾವಾಸ್ಯೆಗೆ ಜತ್ತ ತಾಲೂಕಿನ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ವಿಜಾಪುರದ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವ ಭಕ್ತರ ಬುತ್ತಿಯಲ್ಲಿ ಇರುವುದು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಹಿಟ್ಟಿನಲ್ಲಿದ್ದ ನೀರನ್ನು ಹಂಚಿನ ಮೇಲೂ ಬಿಸಿಲಿನಲ್ಲೂ ಪೂರ್ತಿ ಹಾರಿಸಿದ ರೊಟ್ಟಿಗೆ ಬೂಸುರು ಹಿಡಿಯುವುದಿಲ್ಲ, ವಾರಗಟ್ಟಲೆ ಉಳಿಯುತ್ತದೆ, ಒಲೆಯಿಲ್ಲದೆ ತಿನ್ನಬಹುದು. ಹಿಂಡಿಯಲ್ಲಿ ಎಣ್ಣೆಕಾಳಿನ ಶಕ್ತಿ, ಉಪ್ಪು ಮತ್ತು ಖಾರ ಮೂರೂ ಇರುತ್ತವೆ, ನೀರು ಮಾತ್ರ ಇರುವುದಿಲ್ಲ. ಕೆಡುವುದಕ್ಕೆ ನೀರು ಕಾರಣ, ಭಾರಕ್ಕೂ ನೀರೇ ಕಾರಣ ಎಂಬ ತತ್ವವನ್ನು ಪ್ರಯೋಗಾಲಯವು ಅಳತೆಗಳಲ್ಲಿ ಹೇಳಿತು. ರೊಟ್ಟಿ ಬಡಿದ ಕೈಗಳು ಅದನ್ನು ಬಳಕೆಯಲ್ಲಿ ಅರಿತಿದ್ದವು. ಬರಸೀಮೆಯಲ್ಲಿ ಉರುವಲು ಉಳಿಸಲು ಒಂದು ದಿನ ಒಲೆ ಹೂಡಿ ವಾರಕ್ಕಾಗುವಷ್ಟು ಬಡಿದಿಡುವ ರೂಢಿಯೂ ಇದರೊಂದಿಗೆ ಸೇರುತ್ತದೆ.

1948ರಲ್ಲಿ ಜತ್ತ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು; ಮುಂದೆ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿ, 1960ರಲ್ಲಿ ಆ ಜಿಲ್ಲೆಗೆ ಸಾಂಗಲಿ ಎಂಬ ಹೆಸರಾಯಿತು. ಆಡಳಿತದ ಗೆರೆಗಳು ಬದಲಾದರೂ ಯಳವಿಯ ಕಡೆಯ ಬುತ್ತಿ ಬದಲಾಗಲಿಲ್ಲ. ಈ ಸೀಮೆಯ ಯುದ್ಧಚರಿತ್ರೆಯನ್ನು ಬರೆಯುವವರು ಕೋಟೆ ಮತ್ತು ಕೈಫಿಯತ್ತುಗಳ ಜೊತೆಗೆ ಹಗೆ, ಕಣಿಕೆ, ಕುಳ್ಳು, ಬುತ್ತಿಗಳನ್ನೂ ಆಧಾರಗಳೆಂದು ಪರಿಗಣಿಸಬೇಕಾದ ಅಗತ್ಯ ಇದರಿಂದ ತಿಳಿದುಬರುತ್ತದೆ. ದಂಡು ಎಷ್ಟು ದೂರ ನಡೆಯಿತು ಎಂಬುದನ್ನು ಹೇಳುವಾಗ, ಅದರ ಒಲೆಗೆ ಯಾರ ಕಟ್ಟಿಗೆ ಉರಿಯಿತು ಎಂಬುದನ್ನೂ ಹೇಳಿದಾಗಲೇ ಆ ಚರಿತ್ರೆ ಪೂರ್ಣವಾಗುತ್ತದೆ.